ಕವಲಿನಲ್ಲಿಯೇ ಉಬ್ಬಿದ ಮೂತ್ರಪಿಂಡದ ಅಪಧಮನಿ: ರೋಬೋಟ್ ಶಸ್ತ್ರಚಿಕಿತ್ಸೆಯಿಂದ ಮೂತ್ರಪಿಂಡ ಉಳಿಯುವುದೇ?

ಪ್ರಶ್ನೆ: ನನಗೆ 32 ವರ್ಷ. ಎರಡು ವರ್ಷಗಳಿಂದ ರಕ್ತದೊತ್ತಡಕ್ಕಾಗಿ ಟೆಲ್ಮಿಸಾರ್ಟಾನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಇಷ್ಟು ಚಿಕ್ಕ ವಯಸ್ಸಿನಲ್ಲಿ ಬಿ.ಪಿ. ಏಕೆ ಬಂತೆಂದು ತಪಾಸಣೆ ಮಾಡಿಸಿದಾಗ, ಬಲಗಡೆಯ ಮೂತ್ರಪಿಂಡದ ಅಪಧಮನಿಯಲ್ಲಿ 2.3 ಸೆಂಟಿಮೀಟರ್ ಗಾತ್ರದ ಅನ್ಯೂರಿಸಂ (ನಾಳದ ಗೋಡೆಯ ಉಬ್ಬು) ಇರುವುದು ಸಿ.ಟಿ. ಆಂಜಿಯೋಗ್ರಾಂನಲ್ಲಿ ಕಂಡುಬಂತು. ನಾಳವು ಮೂರು ಕವಲಾಗುವ ಜಾಗದಲ್ಲಿಯೇ ಅದು ಇರುವುದರಿಂದ ಸ್ಟೆಂಟ್ ಹಾಕಲು ಬರುವುದಿಲ್ಲವಂತೆ. ಒಬ್ಬ ವೈದ್ಯರು, ಆ ಮೂತ್ರಪಿಂಡವನ್ನೇ ತೆಗೆಸಿಬಿಡಿ, ಒಂದರಲ್ಲಿಯೂ ಬದುಕಬಹುದು ಎನ್ನುತ್ತಾರೆ. ಇನ್ನೊಬ್ಬರು ರೋಬೋಟ್ ಶಸ್ತ್ರಚಿಕಿತ್ಸೆಯಿಂದ ನಾಳವನ್ನು ಸರಿಪಡಿಸಿ ಮೂತ್ರಪಿಂಡವನ್ನು ಉಳಿಸಬಹುದು ಎನ್ನುತ್ತಾರೆ. ನಮಗಿನ್ನೂ ಮಕ್ಕಳಾಗಿಲ್ಲ. ನನಗೆ ನೋವಾಗಲಿ ಬೇರೆ ತೊಂದರೆಯಾಗಲಿ ಇಲ್ಲ. ನಿಜಕ್ಕೂ ಶಸ್ತ್ರಚಿಕಿತ್ಸೆ ಬೇಕೇ? ಬೇಕಿದ್ದರೆ ರೋಬೋಟನ್ನು ನಂಬಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಈ ಉಬ್ಬಿಗೆ ಚಿಕಿತ್ಸೆ ಬೇಕೇ ಎಂಬುದು ಮೊದಲನೆಯದು. ಬೇಕಾದರೆ ಅದನ್ನು ಯಾವ ದಾರಿಯಿಂದ ಮಾಡಬೇಕು ಎಂಬುದು ಎರಡನೆಯದು. ರೋಬೋಟ್ ಎಂಬ ಪದ ಕಿವಿಗೆ ಬಿದ್ದೊಡನೆ ರೋಗಿಗಳೂ, ಕೆಲವೊಮ್ಮೆ ವೈದ್ಯರೂ, ಎರಡನೆಯ ಪ್ರಶ್ನೆಯಿಂದಲೇ ಮಾತು ಆರಂಭಿಸುತ್ತಾರೆ. ಮೊದಲನೆಯದಕ್ಕೆ ಉತ್ತರ ಸಿಗುವ ತನಕ ಎರಡನೆಯದನ್ನು ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ.

ಮೂತ್ರಪಿಂಡದ ಅಪಧಮನಿಯ ಅನ್ಯೂರಿಸಂ ಅಪರೂಪದ್ದು, ಮತ್ತು ಬಹಳಷ್ಟು ಜನರಲ್ಲಿ ಅದು ನಿರುಪದ್ರವಿಯಾಗಿ ಉಳಿಯುತ್ತದೆ. ಹಿಂದೆ 2 ಸೆಂಟಿಮೀಟರ್ ದಾಟಿದ ಉಬ್ಬುಗಳನ್ನೆಲ್ಲ ಶಸ್ತ್ರಚಿಕಿತ್ಸೆಗೆ ಒಳಪಡಿಸುವ ರೂಢಿಯಿತ್ತು. ಅವು ಬೆಳೆಯುವುದು ಬಹಳ ನಿಧಾನ, ಸರಾಸರಿ ವರ್ಷಕ್ಕೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ, ಒಡೆಯುವುದಂತೂ ಇನ್ನೂ ವಿರಳ ಎಂಬುದು ನೂರಾರು ರೋಗಿಗಳ ದಾಖಲೆಗಳಿಂದ ತಿಳಿದುಬಂದ ಮೇಲೆ ಈ ಮಿತಿ ಮೇಲೇರಿತು. ಅಮೆರಿಕದ ಸೊಸೈಟಿ ಫಾರ್ ವ್ಯಾಸ್ಕ್ಯುಲರ್ ಸರ್ಜರಿ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಯಾವ ಲಕ್ಷಣವೂ ಇಲ್ಲದ, ಶಸ್ತ್ರಚಿಕಿತ್ಸೆಯ ಅಪಾಯ ಹೆಚ್ಚಿಲ್ಲದ ರೋಗಿಗಳಲ್ಲಿ 3 ಸೆಂಟಿಮೀಟರ್ ದಾಟಿದ ಉಬ್ಬಿಗೆ ಚಿಕಿತ್ಸೆ ಸೂಕ್ತ. ನಿಮ್ಮದೇ ಗಾತ್ರದ ಉಬ್ಬನ್ನು ಹೊತ್ತು ಅರವತ್ತೈದು ವರ್ಷದ ಗಂಡಸೊಬ್ಬರು ನನ್ನ ಮುಂದೆ ಕುಳಿತಿದ್ದರೆ, ಆಗಾಗ ಸ್ಕ್ಯಾನ್ ಮಾಡಿಸುತ್ತಾ ಬಿ.ಪಿ. ಹತೋಟಿಯಲ್ಲಿಟ್ಟುಕೊಳ್ಳಿ ಎಂದು ಹೇಳಿ ಕಳುಹಿಸುತ್ತಿದ್ದೆ.

ನಿಮ್ಮ ವಿಷಯದಲ್ಲಿ ಹಾಗೆ ಹೇಳಲಾರೆ. ಅದೇ ಮಾರ್ಗಸೂಚಿಯಲ್ಲಿ ಗರ್ಭ ಧರಿಸಬಲ್ಲ ವಯಸ್ಸಿನ ಮಹಿಳೆಯರಿಗೆ ಗಾತ್ರದ ಮಿತಿಯೇ ಇಲ್ಲ; ಉಬ್ಬು ಎಷ್ಟೇ ಚಿಕ್ಕದಿದ್ದರೂ ಚಿಕಿತ್ಸೆಯನ್ನು ಪರಿಗಣಿಸಬೇಕು ಎನ್ನುತ್ತದೆ. ಗರ್ಭಾವಸ್ಥೆಯಲ್ಲಿ ದೇಹದ ರಕ್ತದ ಪ್ರಮಾಣವೂ ಮೂತ್ರಪಿಂಡಕ್ಕೆ ಹರಿಯುವ ರಕ್ತವೂ ಗಣನೀಯವಾಗಿ ಹೆಚ್ಚುತ್ತವೆ, ಹಾರ್ಮೋನುಗಳ ಪ್ರಭಾವದಿಂದ ನಾಳಗಳ ಗೋಡೆ ಸಡಿಲಗೊಳ್ಳುತ್ತದೆ. ಅಂಥ ಸಮಯದಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಉಬ್ಬು ಒಡೆದರೆ ತಾಯಿ ಮತ್ತು ಮಗು ಇಬ್ಬರ ಜೀವಕ್ಕೂ ಸಂಚಕಾರ. ಆದ್ದರಿಂದ ನಿಮಗೆ ನೋವಿಲ್ಲ ಎಂಬುದು ಸಮಾಧಾನದ ಸಂಗತಿಯಾದರೂ ನಿರ್ಧಾರವನ್ನು ಬದಲಿಸುವ ಸಂಗತಿಯಲ್ಲ. ಗರ್ಭ ಧರಿಸುವ ಮೊದಲೇ ಇದನ್ನು ಸರಿಪಡಿಸಿಕೊಳ್ಳಿ. ಅವಸರವಿಲ್ಲ, ಆದರೆ ಮುಂದೂಡುತ್ತಾ ಹೋಗುವುದೂ ಬೇಡ.

ಇನ್ನು ಮೂತ್ರಪಿಂಡವನ್ನೇ ತೆಗೆಸುವ ಮಾತು. ಒಂದು ಮೂತ್ರಪಿಂಡದಲ್ಲಿ ಬದುಕಬಹುದು ಎಂಬುದು ನಿಜ. ಮೂತ್ರಪಿಂಡ ದಾನ ಮಾಡಿದವರು ಬದುಕುತ್ತಿರುವುದು ಹಾಗೆಯೇ. ಆದರೆ ದಾನಿಗಳನ್ನು ಆರಿಸುವಾಗ, ಅವರಿಗೆ ರಕ್ತದೊತ್ತಡ ಮತ್ತು ರಕ್ತನಾಳದ ಕಾಯಿಲೆ ಇಲ್ಲವೆಂದು ನೂರು ಬಾರಿ ಪರೀಕ್ಷಿಸಿ ಆರಿಸುತ್ತಾರೆ. ನಿಮಗೆ 32ನೆಯ ವಯಸ್ಸಿನಲ್ಲಿಯೇ ಬಿ.ಪಿ. ಇದೆ, ನಾಳದ ಗೋಡೆಯಲ್ಲಿ ದೋಷವಿದೆ, ಮುಂದೆ ಗರ್ಭಧಾರಣೆಯ ಹೊರೆಯಿದೆ. ಅದೇ ದೋಷ ಎಡಗಡೆಯ ನಾಳದಲ್ಲಿಯೂ ಮುಂದೊಂದು ದಿನ ಕಾಣಿಸಿಕೊಳ್ಳಬಹುದು. ಉಬ್ಬು ಒಡೆದು ರಕ್ತ ಸುರಿಯುತ್ತಿರುವಾಗ ಜೀವ ಉಳಿಸಲು ಮೂತ್ರಪಿಂಡವನ್ನು ತೆಗೆಯಬೇಕಾಗಬಹುದು. ಮೂತ್ರಪಿಂಡ ಆಗಲೇ ಕೆಲಸ ನಿಲ್ಲಿಸಿದ್ದರೂ ತೆಗೆಯಬಹುದು. ಚೆನ್ನಾಗಿ ಕೆಲಸ ಮಾಡುತ್ತಿರುವ ಮೂತ್ರಪಿಂಡವನ್ನು, ಅದಕ್ಕೆ ರಕ್ತ ತರುವ ನಾಳ ಕೆಟ್ಟಿದೆಯೆಂಬ ಕಾರಣಕ್ಕೆ ಕಳೆದುಕೊಳ್ಳುವುದನ್ನು ನಾನು ಎಲ್ಲ ದಾರಿಗಳೂ ಮುಚ್ಚಿದ ಮೇಲಷ್ಟೇ ಒಪ್ಪುತ್ತೇನೆ.

ಸ್ಟೆಂಟ್ ಏಕೆ ಆಗದು ಎಂಬುದು ನಿಮಗೆ ಅರ್ಥವಾದರೆ ಶಸ್ತ್ರಚಿಕಿತ್ಸೆಯ ಕಷ್ಟವೂ ಅರ್ಥವಾಗುತ್ತದೆ. ಇದನ್ನು ವಿವರಿಸುವಾಗ ನಾನು ರೋಗಿಗಳ ಮುಂದೆ ಕಾಗದದ ಮೇಲೆ ಒಂದು ಮರದ ಚಿತ್ರ ಬರೆಯುತ್ತೇನೆ. ಹೃದಯದಿಂದ ಹೊರಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಭಾಗ, ಎಂದರೆ ನಿಮಿಷಕ್ಕೆ ಒಂದು ಲೀಟರಿನಷ್ಟು, ಎರಡು ಮೂತ್ರಪಿಂಡಗಳಿಗೇ ಹೋಗುತ್ತದೆ. ಅದನ್ನು ಒಯ್ಯುವ ಅಪಧಮನಿಯ ಅಗಲ ಸಾಮಾನ್ಯವಾಗಿ ಐದಾರು ಮಿಲಿಮೀಟರ್. ಅದು ಮೂತ್ರಪಿಂಡದ ಬಾಗಿಲಿಗೆ ಬಂದಾಗ ಕವಲೊಡೆದು, ಎರಡು ಮೂರು ಮಿಲಿಮೀಟರಿನ ಕೊಂಬೆಗಳಾಗಿ ಒಳಗೆ ಇಳಿಯುತ್ತದೆ. ಈ ಕೊಂಬೆಗಳ ನಡುವೆ ಒಂದಕ್ಕೊಂದು ಕೂಡುದಾರಿಗಳಿಲ್ಲ. ಒಂದು ಕೊಂಬೆ ಮುಚ್ಚಿದರೆ ಅದು ಪೋಷಿಸುತ್ತಿದ್ದ ಭಾಗಕ್ಕೆ ಪಕ್ಕದ ಕೊಂಬೆಯಿಂದ ರಕ್ತ ಬರುವುದಿಲ್ಲ. ಆ ಭಾಗ ಸತ್ತೇ ಹೋಗುತ್ತದೆ. ನಿಮ್ಮ ಉಬ್ಬು ದೊಡ್ಡ ಗೋಲಿಯಷ್ಟಿದೆ, ಮತ್ತು ಮೂರು ಕೊಂಬೆಗಳೂ ಆ ಗೋಲಿಯ ಮೈಯಿಂದಲೇ ಹೊರಡುತ್ತಿವೆ. ಉಬ್ಬು ಕಾಂಡದ ನಡುವೆ ಇದ್ದಿದ್ದರೆ, ತೊಡೆಸಂದಿಯ ನಾಳದಿಂದ ತೂರಿಸಿದ ಬಟ್ಟೆಹೊದಿಕೆಯ ಸ್ಟೆಂಟ್ ಅದನ್ನು ಒಳಗಿನಿಂದಲೇ ಮುಚ್ಚಿಬಿಡುತ್ತಿತ್ತು, ಮರುದಿನವೋ ಅದರ ಮರುದಿನವೋ ನೀವು ಮನೆಗೆ ಹೋಗುತ್ತಿದ್ದಿರಿ. ಕವಲಿನಲ್ಲಿ ಅಂಥ ಸ್ಟೆಂಟ್ ಹಾಕಿದರೆ ಒಂದು ಕೊಂಬೆಗೆ ದಾರಿ ಉಳಿದು ಉಳಿದೆರಡು ಮುಚ್ಚುತ್ತವೆ. ಉಬ್ಬಿನ ಕತ್ತು ಕಿರಿದಾಗಿದ್ದರೆ ಕೆಲವೊಮ್ಮೆ ಒಳಗೆ ಪ್ಲಾಟಿನಂ ತಂತಿಯ ಸುರುಳಿಗಳನ್ನು ತುಂಬಿ ಕೊಂಬೆಗಳನ್ನು ಉಳಿಸಿಕೊಳ್ಳಬಹುದು. ನಿಮ್ಮ ಸ್ಕ್ಯಾನನ್ನು ಅನುಭವಿ ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್ (ನಾಳದ ಒಳಗಿನಿಂದಲೇ ಚಿಕಿತ್ಸೆ ಮಾಡುವ ತಜ್ಞರು) ಒಬ್ಬರು ಖುದ್ದಾಗಿ ನೋಡಿ, ಇದು ಆಗದು ಎಂದು ಹೇಳಿದ್ದಾರೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ವರದಿಯ ಒಕ್ಕಣೆಯನ್ನು ಓದಿ ಕೊಟ್ಟ ಅಭಿಪ್ರಾಯ ಸಾಲದು. ಚಿತ್ರಗಳನ್ನೇ ತಿರುಗಿಸಿ ನೋಡಬೇಕು.

ಆ ದಾರಿ ಮುಚ್ಚಿದೆಯೆಂದರೆ ಉಳಿಯುವುದು ಹೊಲಿಗೆ. ಉಬ್ಬನ್ನು ಕತ್ತರಿಸಿ, ಆರೋಗ್ಯವಾಗಿರುವ ಗೋಡೆಯನ್ನು ಮತ್ತೆ ನಾಳದ ಆಕಾರಕ್ಕೆ ಹೊಲಿಯಬೇಕು. ಗೋಡೆ ಸಾಲದಿದ್ದರೆ ಕಾಲಿನ ಅಭಿಧಮನಿಯ ತುಂಡನ್ನು ತೇಪೆಯಾಗಿಯೋ ಹೊಸ ಕೊಳವೆಯಾಗಿಯೋ ಸೇರಿಸಬೇಕು. ಇದಿಷ್ಟೂ ಕೆಲಸ ನಡೆಯುವಾಗ ನಾಳವನ್ನು ಕ್ಲ್ಯಾಂಪ್‌ನಿಂದ ಬಿಗಿದಿರಬೇಕು, ಎಂದರೆ ಮೂತ್ರಪಿಂಡಕ್ಕೆ ರಕ್ತ ನಿಂತಿರುತ್ತದೆ. ಇಡೀ ಶಸ್ತ್ರಚಿಕಿತ್ಸೆಯ ಜೀವಾಳ ಇರುವುದು ಈ ಅವಧಿಯಲ್ಲಿಯೇ. ದೇಹದ ಶಾಖದಲ್ಲಿ ರಕ್ತವಿಲ್ಲದೆ ಮೂತ್ರಪಿಂಡ ಹೆಚ್ಚು ಹಾನಿಯಿಲ್ಲದೆ ತಡೆದುಕೊಳ್ಳುವುದು ಸುಮಾರು 25ರಿಂದ 30 ನಿಮಿಷ. ಅದರಾಚೆಗೆ ಪ್ರತಿ ನಿಮಿಷಕ್ಕೂ ಬೆಲೆ ತೆರಬೇಕಾಗುತ್ತದೆ. ಮೂತ್ರಪಿಂಡವನ್ನು ತಣ್ಣಗೆ ಮಾಡಿದರೆ ಅದರ ಜೀವಕೋಶಗಳ ಆಮ್ಲಜನಕದ ಬೇಡಿಕೆ ಕುಗ್ಗಿ, ಆ ಅವಧಿ ಗಂಟೆಗಳಿಗೆ ಹಿಗ್ಗುತ್ತದೆ. ರೋಬೋಟ್ ಬಗ್ಗೆ ಕೇಳಬೇಕಾದ ಪ್ರಶ್ನೆಯೂ ಇದೇ: ನನ್ನ ಮೂತ್ರಪಿಂಡ ಎಷ್ಟು ಹೊತ್ತು ರಕ್ತವಿಲ್ಲದೆ ಇರುತ್ತದೆ, ಆ ಹೊತ್ತಿನಲ್ಲಿ ಅದನ್ನು ಹೇಗೆ ಕಾಪಾಡುತ್ತೀರಿ?

ರೋಬೋಟ್ ತಾನಾಗಿ ಏನನ್ನೂ ಮಾಡುವುದಿಲ್ಲ. ಹೊಟ್ಟೆಯ ಮೇಲೆ ಸುಮಾರು 8 ಮಿಲಿಮೀಟರಿನ ನಾಲ್ಕು ತೂತುಗಳು, ಸಹಾಯಕರ ಉಪಕರಣಗಳಿಗೆ ಒಂದೆರಡು ಹೆಚ್ಚುವರಿ ತೂತುಗಳು ಇರುತ್ತವೆ. ಅವುಗಳ ಮೂಲಕ ಒಳಹೋದ ಕ್ಯಾಮೆರಾ ಮತ್ತು ಉಪಕರಣಗಳನ್ನು ಶಸ್ತ್ರವೈದ್ಯರು ಕೋಣೆಯ ಒಂದು ಬದಿಯ ಕನ್ಸೋಲ್‌ನಲ್ಲಿ ಕುಳಿತು ತಮ್ಮ ಬೆರಳುಗಳಿಂದ ನಡೆಸುತ್ತಾರೆ. ಡಾ ವಿಂಚಿ ಎಂಬ ಈ ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಅನುಮತಿ ಕೊಟ್ಟದ್ದು 2000ದಲ್ಲಿ; ಮೂತ್ರಪಿಂಡದ ಅಪಧಮನಿಯ ಅನ್ಯೂರಿಸಂ ಒಂದನ್ನು ಇದರ ನೆರವಿನಿಂದ ಸರಿಪಡಿಸಿದ್ದನ್ನು ಕೆನಡಾದ ವೈದ್ಯರು 2006ರಲ್ಲಿ ವರದಿ ಮಾಡಿದರು. ಸಾಮಾನ್ಯ ಕೀಹೋಲ್ ಶಸ್ತ್ರಚಿಕಿತ್ಸೆಯ ಉಪಕರಣಗಳು ಉದ್ದನೆಯ ಕಡ್ಡಿಗಳಂತೆ ನೆಟ್ಟಗಿರುತ್ತವೆ. ರೋಬೋಟಿನ ಉಪಕರಣದ ತುದಿ ಮಣಿಕಟ್ಟಿನಂತೆ ಬಾಗಿ ತಿರುಗುತ್ತದೆ, ಕೈಯ ಸಣ್ಣ ನಡುಕವನ್ನು ಯಂತ್ರ ಸೋಸಿಬಿಡುತ್ತದೆ, ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಬರುವುದರಿಂದ ಆಳ ಕಾಣುತ್ತದೆ, ನಾಳ ಹಲವು ಪಟ್ಟು ದೊಡ್ಡದಾಗಿ ತೋರುತ್ತದೆ.

ಇದರಿಂದ ಏನು ಲಾಭವೆಂಬುದು ಹೊಲಿಗೆಯ ಹೊತ್ತಿನಲ್ಲಿ ಗೊತ್ತಾಗುತ್ತದೆ. ಎರಡು ಮಿಲಿಮೀಟರಿನ ಕೊಂಬೆಯ ಬಾಯಿಗೆ ಬಳಸುವ 6-0 ದಾರ ಹೆಚ್ಚುಕಡಿಮೆ ತಲೆಗೂದಲಿನಷ್ಟೇ ತೆಳ್ಳಗಿರುತ್ತದೆ. ಬಾಗಿದ ಸೂಜಿಯನ್ನು ನಾಳದ ಒಳಪದರದಿಂದ ಹೊರಗೆ, ಗೋಡೆಗೆ ನೇರವಾಗಿ ಚುಚ್ಚಿ, ಅದರ ಬಾಗಿಗೆ ಸರಿಯಾಗಿ ತಿರುಗಿಸಿ ಎಳೆಯಬೇಕು. ಒಳಪದರ ಕಿತ್ತು ಜೋತರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನೆಟ್ಟನೆಯ ಕಡ್ಡಿಯಿಂದ ಎಲ್ಲ ಕೋನಗಳಲ್ಲಿಯೂ ಇದನ್ನು ಮಾಡುವುದು ಬಹಳ ಕಷ್ಟ; ತಿರುಗುವ ಮಣಿಕಟ್ಟಿಗೆ ಸಲೀಸು. ಹೊಲಿಗೆ ಮುಗಿದ ಮೇಲೆ ಕ್ಲ್ಯಾಂಪ್ ಸಡಿಲಿಸುವ ಕ್ಷಣ ನನ್ನ ಮಟ್ಟಿಗೆ ಇಂದಿಗೂ ಉಸಿರು ಬಿಗಿಹಿಡಿಯುವ ಕ್ಷಣವೇ. ಬೂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದ ಮೂತ್ರಪಿಂಡ ಕವಲು ಕವಲಾಗಿ ಕೆಂಪೇರುತ್ತಾ ಬಿಗಿಯಾಗುತ್ತದೆ. ಆಗ ರಕ್ತನಾಳಕ್ಕೆ ಇಂಡೊಸಯನಿನ್ ಗ್ರೀನ್ ಎಂಬ ಬಣ್ಣವನ್ನು ಚುಚ್ಚಿ ಕ್ಯಾಮೆರಾವನ್ನು ಅತಿಗೆಂಪು ಬೆಳಕಿಗೆ ಹೊರಳಿಸಿದರೆ, ರಕ್ತ ತಲುಪಿದ ಭಾಗವೆಲ್ಲ ಪರದೆಯ ಮೇಲೆ ಹಸಿರಾಗಿ ಹೊಳೆಯುತ್ತದೆ. ಒಂದು ತುದಿ ಕಪ್ಪಾಗಿ ಉಳಿದರೆ ಯಾವ ಕೊಂಬೆ ಸರಿಯಾಗಿಲ್ಲವೆಂದು ಅಲ್ಲೇ ತಿಳಿಯುತ್ತದೆ, ಅಲ್ಲೇ ಸರಿಪಡಿಸಬಹುದು.

ನಿಮ್ಮದು ಬಲಗಡೆ ಎಂಬುದಕ್ಕೂ ಮಹತ್ವವಿದೆ. ಬಲಗಡೆಯ ಅಪಧಮನಿ ದೊಡ್ಡ ಅಭಿಧಮನಿಯಾದ ವೀನಾ ಕೇವಾದ ಹಿಂದಿನಿಂದ ಹಾದುಬರುತ್ತದೆ, ಮುಂದೆ ಸಣ್ಣ ಕರುಳಿನ ಮೊದಲ ಭಾಗ ಅಡ್ಡವಾಗಿರುತ್ತದೆ. ಅದನ್ನೆಲ್ಲ ಹುಷಾರಾಗಿ ಸರಿಸಿ, ಉಬ್ಬಿನ ಹಿಂದೆ ಕಾಂಡವನ್ನೂ ಮುಂದೆ ಪ್ರತಿಯೊಂದು ಕೊಂಬೆಯನ್ನೂ ಬೇರೆ ಬೇರೆಯಾಗಿ ಹಿಡಿತಕ್ಕೆ ತಂದುಕೊಂಡ ಮೇಲಷ್ಟೇ ಉಬ್ಬಿಗೆ ಕೈ ಹಾಕಬೇಕು. ಉಬ್ಬು ಒಂದೇ ಕೊಂಬೆಯ ಮೇಲಿದ್ದರೆ ಆ ಕೊಂಬೆಯನ್ನಷ್ಟೇ ಬಿಗಿದು ಉಳಿದ ಮೂತ್ರಪಿಂಡಕ್ಕೆ ರಕ್ತ ಹರಿಯಲು ಬಿಡಬಹುದು. ನಿಮ್ಮಲ್ಲಿ ಮೂರು ಕೊಂಬೆಗಳು ಸೇರುವ ಜಾಗವಾದ್ದರಿಂದ ಕಾಂಡವನ್ನೇ ಬಿಗಿಯಬೇಕಾಗಬಹುದು. ಮೂರು ಬಾಯಿಗಳನ್ನು ಅರ್ಧ ಗಂಟೆಯೊಳಗೆ ಹೊಲಿದು ಮುಗಿಸುವುದು ಎಂಥ ನುರಿತ ಕೈಗೂ ಸುಲಭವಲ್ಲ.

ಹಾಗಾಗಿ ಮತ್ತೊಂದು ಮಾರ್ಗವನ್ನೂ ನೀವು ತಿಳಿದಿರಬೇಕು. ಮೂತ್ರಪಿಂಡವನ್ನು ಪೂರ್ತಿಯಾಗಿ ಬಿಡಿಸಿ ಹೊರತೆಗೆದು, ನಾಲ್ಕು ಡಿಗ್ರಿಯಷ್ಟು ತಣ್ಣಗಿರುವ ದ್ರಾವಣವನ್ನು ಅದರೊಳಗೆ ಹರಿಸಿ, ಮಂಜುಗಡ್ಡೆಯ ಮೇಲಿಟ್ಟು, ರಕ್ತವಿಲ್ಲದ ಸ್ವಚ್ಛ ಮೇಜಿನ ಮೇಲೆ ಸಾವಧಾನವಾಗಿ ಎಲ್ಲ ಕೊಂಬೆಗಳನ್ನೂ ಸರಿಪಡಿಸಿ, ಬಳಿಕ ಹೊಟ್ಟೆಯ ಕೆಳಭಾಗದಲ್ಲಿ ಸೊಂಟದ ರಕ್ತನಾಳಗಳಿಗೂ ಮೂತ್ರಕೋಶಕ್ಕೂ ಜೋಡಿಸುವ ವಿಧಾನವಿದು. ನಿಮ್ಮದೇ ಮೂತ್ರಪಿಂಡವನ್ನು ನಿಮಗೇ ಕಸಿ ಮಾಡುವುದರಿಂದ ದೇಹ ಅದನ್ನು ತಿರಸ್ಕರಿಸುವ ಭಯವಿಲ್ಲ, ಕಸಿಯಾದವರು ಜೀವನಪರ್ಯಂತ ನುಂಗುವ ಮಾತ್ರೆಗಳ ಗೊಡವೆಯೂ ಇಲ್ಲ. ಇಂಥ ಸ್ವಯಂಕಸಿಯನ್ನು 1963ರಲ್ಲಿ ಮೊದಲು ಮಾಡಿದವರು ಅಮೆರಿಕದ ಜೇಮ್ಸ್ ಹಾರ್ಡಿ. ಅವರ ರೋಗಿಗೆ ಹಾನಿಯಾಗಿದ್ದದ್ದು ಮೂತ್ರನಾಳಕ್ಕೆ. ಹಿಂದೆ ಇದಕ್ಕೆ ಹೊಟ್ಟೆಯನ್ನು ಉದ್ದಕ್ಕೂ ಕೊಯ್ಯಬೇಕಿತ್ತು. ಈಗ ರೋಬೋಟ್ ನೆರವಿನಿಂದ ಮೂತ್ರಪಿಂಡವನ್ನು ಬಿಡಿಸಿ, ಕೆಳಹೊಟ್ಟೆಯ ಚಿಕ್ಕ ಗಾಯದಿಂದ ಹೊರತೆಗೆದು, ಸರಿಪಡಿಸಿ, ಅದೇ ಗಾಯದಿಂದ ಒಳಸೇರಿಸಬಹುದು. ಹೊರತೆಗೆಯದೆ ಹೊಟ್ಟೆಯೊಳಗೇ ತಣ್ಣಗಾಗಿಸಿ ಸ್ವಯಂಕಸಿ ಮಾಡಿದ ಮೊದಲ ವರದಿ 2014ರಲ್ಲಿ ಬಂತು. ನಿಮ್ಮ ಉಬ್ಬು ಮೂತ್ರಪಿಂಡದ ಬಾಗಿಲಿನಿಂದ ಎಷ್ಟು ಹೊರಗಿದೆ, ಕೊಂಬೆಗಳು ಬಾಗಿಲಿನ ಹೊರಗೇ ಸಿಗುತ್ತವೆಯೇ ಇಲ್ಲವೇ ಎಂಬುದರ ಮೇಲೆ, ಇದ್ದ ಜಾಗದಲ್ಲೇ ಹೊಲಿಯುವುದೋ ಹೊರತೆಗೆದು ಹೊಲಿಯುವುದೋ ಎಂಬುದು ತೀರ್ಮಾನವಾಗುತ್ತದೆ. ಇದನ್ನು ಒಂದು ಮಿಲಿಮೀಟರ್ ಅಥವಾ ಅದಕ್ಕೂ ತೆಳ್ಳಗಿನ ಪದರಗಳ ಸಿ.ಟಿ. ಆಂಜಿಯೋಗ್ರಾಂನಿಂದ ಮೂರು ಆಯಾಮದ ಚಿತ್ರ ಕಟ್ಟಿ ಅಳೆಯಬೇಕು.

ಇನ್ನು ನಂಬಿಕೆಯ ಮಾತು. ಈ ಕಾಯಿಲೆಯಲ್ಲಿ ರೋಬೋಟ್ ಶಸ್ತ್ರಚಿಕಿತ್ಸೆಯನ್ನೂ ತೆರೆದ ಶಸ್ತ್ರಚಿಕಿತ್ಸೆಯನ್ನೂ ಚೀಟಿ ಎತ್ತಿದಂತೆ ರೋಗಿಗಳಿಗೆ ಹಂಚಿ ಹೋಲಿಸಿ ನೋಡಿದ ದೊಡ್ಡ ಅಧ್ಯಯನಗಳಿಲ್ಲ. ಇರುವುದು ಅನುಭವಿ ಕೇಂದ್ರಗಳು ಪ್ರಕಟಿಸಿದ ಸಣ್ಣ ಸಣ್ಣ ವರದಿಗಳು. ಅವುಗಳಲ್ಲಿ ಫಲಿತಾಂಶ ಚೆನ್ನಾಗಿದೆ, ನೋವು ಕಡಿಮೆ, ಆಸ್ಪತ್ರೆಯ ವಾಸ ಕಡಿಮೆ. ಆದರೆ ಚೆನ್ನಾಗಿ ಆದದ್ದೇ ಹೆಚ್ಚಾಗಿ ಪ್ರಕಟವಾಗುತ್ತದೆ ಎಂಬುದನ್ನು ಓದುವವರು ನೆನಪಿಡಬೇಕು. ಇಂದು ಬಳಕೆಯಲ್ಲಿರುವ ಬಹುತೇಕ ಯಂತ್ರಗಳಲ್ಲಿ ಸ್ಪರ್ಶದ ಅರಿವು ಇಲ್ಲ: ದಾರ ಎಷ್ಟು ಬಿಗಿಯಾಯಿತು, ಗೋಡೆಯಲ್ಲಿ ಸುಣ್ಣ ಕಟ್ಟಿ ಎಷ್ಟು ಗಡುಸಾಗಿದೆ ಎಂಬುದನ್ನು ಬೆರಳು ಹೇಳುವುದಿಲ್ಲ, ಕಣ್ಣಿನಿಂದಲೇ ಊಹಿಸಬೇಕು. ರಕ್ತಸ್ರಾವವಾದರೆ ಕನ್ಸೋಲ್‌ನಲ್ಲಿ ಕುಳಿತವರು ಎದ್ದು, ಕೈತೊಳೆದು ಬರುವ ತನಕ ಮೇಜಿನ ಪಕ್ಕದಲ್ಲಿರುವ ಸಹಾಯಕರೇ ಅದನ್ನು ಒತ್ತಿ ಹಿಡಿಯಬೇಕು. ನಿಮ್ಮ ನಂಬಿಕೆ ಯಂತ್ರದ ಮೇಲೆ ಇರಬೇಕಾಗಿಲ್ಲ. ಆ ಕೋಣೆಯಲ್ಲಿರುವ ತಂಡದ ಮೇಲಿರಲಿ. ಮೂತ್ರಪಿಂಡ ಕಸಿ ಮಾಡುವ, ರಕ್ತನಾಳದ ತೆರೆದ ಶಸ್ತ್ರಚಿಕಿತ್ಸೆಯಲ್ಲೂ ಪಳಗಿದ ತಂಡವೇ ಇದಕ್ಕೆ ಸರಿ. ಇಂಥ ನಾಳ ಜೋಡಣೆಗಳನ್ನು ರೋಬೋಟ್‌ನಿಂದ ಎಷ್ಟು ಮಾಡಿದ್ದೀರಿ, ಎಷ್ಟರಲ್ಲಿ ಹೊಟ್ಟೆ ತೆರೆಯಬೇಕಾಯಿತು, ಎಷ್ಟು ಮೂತ್ರಪಿಂಡಗಳು ಉಳಿಯಲಿಲ್ಲ ಎಂದು ನೇರವಾಗಿ ಕೇಳಿ. ಹೀಗೆ ಕೇಳುವುದು ಉದ್ಧಟತನವಲ್ಲ. ನಡುವೆ ಹೊಟ್ಟೆ ತೆರೆಯಬೇಕಾಗಿ ಬಂದರೆ ಅದನ್ನು ಸೋಲೆಂದೂ ತಿಳಿಯಬೇಡಿ. ಸರಿಯಾದ ಹೊತ್ತಿಗೆ ತೆರೆದು ಮೂತ್ರಪಿಂಡ ಉಳಿಸಿದವರು ಒಳ್ಳೆಯ ವೈದ್ಯರು. ನುರಿತ ರೋಬೋಟ್ ತಂಡ ಸಿಗದಿದ್ದರೆ, ನುರಿತವರ ಕೈಯಲ್ಲಿ ತೆರೆದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ. ಹೊಟ್ಟೆಯ ಮೇಲಿನ ಗಾಯದ ಗುರುತಿಗಿಂತ ಒಳಗಿನ ಮೂತ್ರಪಿಂಡ ದೊಡ್ಡದು.

ಇದನ್ನು ಓದುವ ಇತರರಿಗಾಗಿ ಒಂದು ಮಾತು. ಮೂತ್ರಪಿಂಡದ ರಕ್ತನಾಳದ ತೊಂದರೆಗಳಿಗೆಲ್ಲ ರೋಬೋಟ್ ಬೇಕಾಗುವುದಿಲ್ಲ. ವಯಸ್ಸಾದವರಲ್ಲಿ ಕೊಬ್ಬು ಕಟ್ಟಿ ನಾಳ ಕಿರಿದಾಗಿದ್ದರೆ, ಬಹುಪಾಲು ಮಂದಿಗೆ ಔಷಧಿಯ ಜೊತೆ ಸ್ಟೆಂಟ್ ಹಾಕಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ ಎಂಬುದನ್ನು 2009ರ ಆಸ್ಟ್ರಲ್ ಮತ್ತು 2014ರ ಕೋರಲ್ ಅಧ್ಯಯನಗಳು ತೋರಿಸಿವೆ. ಬಯಾಪ್ಸಿಯ ನಂತರ ಅಪಧಮನಿಗೂ ಅಭಿಧಮನಿಗೂ ನಡುವೆ ಉಂಟಾಗುವ ಕಳ್ಳದಾರಿ ಸಾಮಾನ್ಯವಾಗಿ ತಾನೇ ಮುಚ್ಚುತ್ತದೆ, ಮುಚ್ಚದಿದ್ದರೆ ಒಳಗಿನಿಂದಲೇ ಸುರುಳಿ ತುಂಬಿ ಮುಚ್ಚಬಹುದು. ಎಡಗಡೆಯ ಅಭಿಧಮನಿ ಎರಡು ಅಪಧಮನಿಗಳ ನಡುವೆ ಅಡಕತ್ತರಿಯಲ್ಲಿ ಸಿಕ್ಕಂತೆ ಒತ್ತಿಹೋಗುವ ನಟ್‌ಕ್ರ್ಯಾಕರ್ ತೊಂದರೆಯುಳ್ಳ ತೆಳ್ಳಗಿನ ಹದಿಹರೆಯದವರಿಗೆ, ಮೈ ತುಂಬಿಕೊಂಡಂತೆ ಅದು ಎಷ್ಟೋ ಬಾರಿ ತಾನಾಗಿ ಸರಿಹೋಗುತ್ತದೆ.

ನಿಮಗೆ ಮರಳುತ್ತೇನೆ. ಶಸ್ತ್ರಚಿಕಿತ್ಸೆಗೆ ಮೊದಲು ಆಗಬೇಕಾದ ಎರಡು ಪರೀಕ್ಷೆಗಳಿವೆ. ಒಂದು, ಪ್ರತಿಯೊಂದು ಮೂತ್ರಪಿಂಡವೂ ಒಟ್ಟು ಕೆಲಸದಲ್ಲಿ ಎಷ್ಟು ಪಾಲು ಮಾಡುತ್ತಿದೆ ಎಂದು ತಿಳಿಸುವ ಐಸೋಟೋಪ್ ಸ್ಕ್ಯಾನ್. ಮುಂದೆ ಹೋಲಿಸಿ ನೋಡಲು ಈ ಅಂಕಿ ಬೇಕಾಗುತ್ತದೆ. ಇನ್ನೊಂದನ್ನು ಬಹಳ ಮಂದಿ ಮರೆಯುತ್ತಾರೆ. ನಿಮ್ಮ ವಯಸ್ಸಿನ ಮಹಿಳೆಯರಲ್ಲಿ ಇಂಥ ಉಬ್ಬಿನ ಹಿಂದೆ ಫೈಬ್ರೊಮಸ್ಕ್ಯುಲರ್ ಡಿಸ್‌ಪ್ಲೇಸಿಯಾ ಎಂಬ ನಾಳದ ಗೋಡೆಯ ದೋಷ ಇರುವುದುಂಟು. ಆಂಜಿಯೋಗ್ರಾಂನಲ್ಲಿ ನಾಳವು ಪೋಣಿಸಿದ ಮಣಿಸರದಂತೆ ಕಾಣುವುದು ಇದರ ಗುರುತು. ಇದು ಕುತ್ತಿಗೆ ಮತ್ತು ಮಿದುಳಿನ ನಾಳಗಳಲ್ಲಿಯೂ ಇರಬಹುದಾದ್ದರಿಂದ, ಒಮ್ಮೆಯಾದರೂ ತಲೆಯಿಂದ ಕಿಬ್ಬೊಟ್ಟೆಯವರೆಗಿನ ನಾಳಗಳ ಚಿತ್ರ ತೆಗೆಸಬೇಕೆಂದು 2019ರ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಶಿಫಾರಸು ಹೇಳುತ್ತದೆ. ಗರ್ಭಧಾರಣೆಯ ಯೋಚನೆಯಿರುವ ನೀವು ಇದನ್ನು ಕೇಳಿ ಮಾಡಿಸಿಕೊಳ್ಳಿ.

ಉಬ್ಬನ್ನು ಸರಿಪಡಿಸಿದರೆ ಬಿ.ಪಿ. ಹೋಗುತ್ತದೆಯೇ ಎಂದು ನೀವು ಕೇಳಿಲ್ಲವಾದರೂ ಮನಸ್ಸಿನಲ್ಲಿರಬಹುದು. ಉಬ್ಬಿನ ಬುಡದಲ್ಲಿ ನಾಳ ಕಿರಿದಾಗಿದ್ದು ಅದೂ ಸರಿಹೋದರೆ, ಕೆಲವರಿಗೆ ಮಾತ್ರೆ ಕಡಿಮೆಯಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ, ಎಲ್ಲರಿಗೂ ಹಾಗಾಗುವುದಿಲ್ಲ. ಶಸ್ತ್ರಚಿಕಿತ್ಸೆ ಆಗುವ ತನಕ ಒತ್ತಡವನ್ನು ಹತೋಟಿಯಲ್ಲಿಡಿ, ಗರ್ಭ ನಿಲ್ಲದಂತೆ ಎಚ್ಚರ ವಹಿಸಿ, ಆದರೆ ಅದಕ್ಕಾಗಿ ಈಸ್ಟ್ರೋಜನ್ ಇರುವ ಮಾತ್ರೆಗಳನ್ನು ಬಳಸಬೇಡಿ, ಅವು ಬಿ.ಪಿ. ಏರಿಸುತ್ತವೆ. ಬಲ ಪಕ್ಕೆಯಲ್ಲಿ ಹಠಾತ್ತನೆ ತೀವ್ರ ನೋವು, ಕಣ್ಣು ಕತ್ತಲೆ ಬರುವುದು, ಮೂತ್ರದಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ, ಉಬ್ಬಿನ ವಿಷಯವನ್ನು ಬಾಗಿಲಲ್ಲೇ ಹೇಳಿ.

ಕೊನೆಯದಾಗಿ ನಿಮ್ಮ ಟೆಲ್ಮಿಸಾರ್ಟಾನ್. ಈ ವರ್ಗದ ಔಷಧಿ ಗರ್ಭದಲ್ಲಿರುವ ಮಗುವಿನ ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ. ಅಲ್ಲದೆ ನಾಳ ಬಹಳ ಕಿರಿದಾಗಿರುವ ಮೂತ್ರಪಿಂಡದ ಕೆಲಸವನ್ನೂ ಕುಂದಿಸಬಹುದು. ಹಾಗೆಂದು ಇದನ್ನು ಓದಿದ ಕೂಡಲೇ ನೀವಾಗಿ ನಿಲ್ಲಿಸಬೇಡಿ, ಒತ್ತಡ ಒಮ್ಮೆಲೇ ಏರಿದರೆ ಉಬ್ಬಿಗೆ ಅದೂ ಒಳ್ಳೆಯದಲ್ಲ. ಈ ವಾರವೇ ನಿಮ್ಮ ವೈದ್ಯರನ್ನು ಕಂಡು ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸವನ್ನು ತೋರಿಸುವ ಅಂಕಿ) ಮತ್ತು ಪೊಟ್ಯಾಸಿಯಂ ನೋಡಿಸಿ. ಶಸ್ತ್ರಚಿಕಿತ್ಸೆ ಮುಗಿದು, ಡಾಪ್ಲರ್ ಎಂಬ, ರಕ್ತದ ಹರಿವನ್ನು ತೋರಿಸುವ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಮೂರು ಕೊಂಬೆಗಳಲ್ಲೂ ರಕ್ತ ಸರಾಗವಾಗಿ ಹರಿಯುತ್ತಿದೆಯೆಂದು ಖಚಿತವಾದ ಮೇಲೆ, ಮಗುವಿಗಾಗಿ ಪ್ರಯತ್ನಿಸುವ ಮೊದಲೇ ಲ್ಯಾಬೆಟಲಾಲ್ ಅಥವಾ ನಿಫೆಡಿಪಿನ್‌ನಂಥ, ಗರ್ಭಾವಸ್ಥೆಯಲ್ಲಿ ರೂಢಿಯಲ್ಲಿರುವ ಮಾತ್ರೆಗೆ ಅವರ ಮೂಲಕ ಬದಲಿಸಿಕೊಳ್ಳಿ.